ಏಳು ಪದಕಗಳ ಅಂಚು

ದಂಡಿನ ದೊಡ್ಡ ಗೇಟಿಗೆ ಎದುರಾಗಿ ನನ್ನ ಅಂಗಡಿ. ಅಂಗಡಿ ಅಂದರೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಹೊರಗಿನ ಬೋರ್ಡಿನಲ್ಲಿ ದರ್ಜಿ ಎಂದೇ ಬರೆದಿದೆ. ಆದರೆ ಅಂಗಿ ಹೊಲಿದು ಎಷ್ಟು ವರ್ಷವಾಯಿತೋ ನನಗೇ ನೆನಪಿಲ್ಲ. ನಾನು ಹೊಲಿಯುವುದು ಪದಕಗಳನ್ನು. ಸಿಪಾಯಿಗಳ ಪದಕಗಳನ್ನು ಅವುಗಳ ಬಣ್ಣದ ರಿಬ್ಬನ್ನಿನ ಸಮೇತ ಹಿತ್ತಾಳೆ ಪಟ್ಟಿಯೊಂದಕ್ಕೆ ಸಾಲಾಗಿ ಕೂರಿಸಿ ಕೊಡುತ್ತೇನೆ. ಪರೇಡಿನ ದಿನ ಅದನ್ನು ಎದೆಗೆ ಚುಚ್ಚಿಕೊಂಡರೆ ಆಯಿತು.

ಹೊಸ ಪದಕ ಬಂತೆಂದು ಅದನ್ನು ಸಾಲಿನ ಕೊನೆಗೆ ಸೇರಿಸಿಬಿಡುವ ಹಾಗಿಲ್ಲ. ಪ್ರತಿಯೊಂದಕ್ಕೂ ಅದರದೇ ಸ್ಥಾನ. ನಡುವೆ ಕೂರಬೇಕಾದದ್ದು ನಡುವೆಯೇ ಕೂರಬೇಕು. ಹಾಗಾಗಿ ಒಂದು ಹೊಸದು ಬಂದರೆ ಹಳೆಯದನ್ನೆಲ್ಲ ಬಿಚ್ಚಿ ಮೊದಲಿಂದ ಹೊಲಿಯಬೇಕು. ಆಗೆಲ್ಲ ಒಬ್ಬ ಮನುಷ್ಯನ ಇಡೀ ನೌಕರಿ ನನ್ನ ಮೇಜಿನ ಮೇಲೆ ಹರಡಿಕೊಂಡಿರುತ್ತದೆ. ಸೂಜಿಗೆ ದಾರ ಪೋಣಿಸುವ ಮುಂಚೆ ಒಮ್ಮೆ ಕೈಮುಗಿಯುವುದು ನನ್ನ ರೂಢಿ.

ಬೀಗದಣ್ಣನ ಸಾಲನ್ನು ನಾನು ಐದು ಸಲ ಬಿಚ್ಚಿ ಹೊಲಿದಿದ್ದೆ. ಅವನು ದಂಡಿನ ಉಗ್ರಾಣದವನು. ಸೊಂಟದಲ್ಲಿ ಸದಾ ಬೀಗದಕೈ ಗೊಂಚಲು, ಅದಕ್ಕೇ ಆ ಹೆಸರು. ಸಿಪಾಯಿಗಳು ಹರಿದ ಬೂಟು, ತೂತು ಬಿದ್ದ ಕಂಬಳಿ ತಂದರೆ ಬೆಳಕಿಗೆ ಹಿಡಿದು ನೋಡುತ್ತಿದ್ದ. ಬಾಯಿಂದ ಬರುತ್ತಿದ್ದುದು ಎರಡೇ ಮಾತು. “ಅಜಾಗರೂಕತೆ” ಅಂದರೆ ಸಿಪಾಯಿಗೆ ದಂಡ. “ನ್ಯಾಯವಾದ ಸವೆತ” ಅಂದರೆ ಹೊಸದು ಕೈಗೆ. ಎಂಥ ಮೀಸೆ ಹೊತ್ತವನೂ ಉಗ್ರಾಣದ ಕಿಟಕಿಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ.

ಇಪ್ಪತ್ತೆಂಟು ವರ್ಷಕ್ಕೆ ಅವನಿಗೆ ಬಂದದ್ದು ಏಳು ಪದಕ. ಹಿಮದ ಬೆಟ್ಟದಲ್ಲಿ ಎರಡು ಚಳಿಗಾಲ ಕಳೆದದ್ದಕ್ಕೆ ಒಂದು, ಪ್ರವಾಹದಲ್ಲಿ ದೋಣಿ ಎಳೆದದ್ದಕ್ಕೆ ಒಂದು, ಮಿಕ್ಕವು ಗಡಿಯಲ್ಲಿದ್ದದ್ದಕ್ಕೆ, ವರ್ಷ ತುಂಬಿದ್ದಕ್ಕೆ. “ವೈರಿ ನನ್ನ ಮುಖ ನೋಡಿಲ್ಲ ಮಾಸ್ಟ್ರೇ. ಇಲಿಗಳು ನೋಡಿವೆ. ಅವು ಪದಕ ಕೊಡಲ್ಲ” ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಿದ್ದ. ಆದರೆ ಪಟ್ಟಿಯನ್ನು ಕೈಗೆ ತೆಗೆದುಕೊಳ್ಳುವಾಗ ಅವನ ಬೆನ್ನು ತಾನಾಗಿ ನೆಟ್ಟಗಾಗುವುದನ್ನು ನಾನು ಕಂಡಿದ್ದೆ. ಏಳನೆಯದು ಬಂದು ಎರಡು ವರ್ಷವಾದರೂ ಹೊಲಿಸಿರಲಿಲ್ಲ. “ನಿವೃತ್ತಿ ಪರೇಡಿಗೆ ಒಟ್ಟಿಗೇ ಆಗಲಿ” ಅಂದಿದ್ದ.

ಆ ಪರೇಡಿಗೆ ಮೂರು ದಿನವಿರುವಾಗ ಪಟ್ಟಿಯನ್ನು ತಂದದ್ದು ಅವನಲ್ಲ, ಅವನ ಹೆಂಡತಿ. ಕರವಸ್ತ್ರ ಬಿಚ್ಚಿ ಪಟ್ಟಿಯನ್ನೂ ಬಿಡಿಯಾಗಿದ್ದ ಏಳನೆಯ ಪದಕವನ್ನೂ ಮೇಜಿನ ಮೇಲಿಟ್ಟಳು.

“ಅಣ್ಣಾ, ನನ್ನಿಂದ ಒಂದು ಅನಾಹುತ ಆಗಿಹೋಗಿದೆ.”

“ಏನಾಯ್ತು ತಂಗಿ? ಒಂದು ಕಡಿಮೆ ಇದೆಯಾ?”

“ಎಲ್ಲ ಇವೆ. ಅಂಚು ನೋಡಿ.”

ಪ್ರತಿ ಪದಕದ ಅಂಚಿನ ಸುತ್ತ, ನಾಣ್ಯದ ಅಂಚಿನಷ್ಟೇ ದಪ್ಪದ ಜಾಗದಲ್ಲಿ, ಸಿಪಾಯಿಯ ನಂಬರು, ಹೆಸರು ಕೊರೆದಿರುತ್ತಾರೆ. ನನ್ನ ಗಮನವೆಲ್ಲ ರಿಬ್ಬನ್ನಿನ ಮೇಲೆ, ಅಂಚನ್ನು ನಾನು ಎಂದೂ ನೋಡಿದವನಲ್ಲ. ಈಗ ಬೆರಳಾಡಿಸಿದೆ. ಬೆಣ್ಣೆಯ ಹಾಗೆ ನುಣ್ಣಗಿತ್ತು. ಹೆಸರಿಲ್ಲ, ನಂಬರಿಲ್ಲ. ಪಟ್ಟಿಯ ಮೇಲಿದ್ದ ಆರರಲ್ಲೂ ಇಲ್ಲ.

“ಇವರು ಗಡಿಗೆ ಹೋದಾಗೆಲ್ಲ ಪದಕ ಮನೇಲೇ ಇರ್ತಿತ್ತಲ್ಲ ಅಣ್ಣಾ,” ಎಂದಳು. “ಬೆಳಗ್ಗೆ ದೇವರ ದೀಪ ಉಜ್ಜಿ, ಅದೇ ಬೂದಿ, ಅದೇ ಬಟ್ಟೇಲಿ ಇವನ್ನೂ ಉಜ್ತಿದ್ದೆ. ಇವು ಹೊಳೀತಾ ಇದ್ರೆ ಅಲ್ಲಿ ಅವರೂ ಚೆನ್ನಾಗಿರ್ತಾರೆ ಅನ್ನೋದು ತಲೇಲಿ ಕೂತುಬಿಟ್ಟಿತ್ತು. ಒಂದು ದಿನ ತಪ್ಪಿಸಿದ್ರೂ ಜೀವ ಹೊಡ್ಕೊಳ್ಳೋದು. ಹೆಸರು ಅಳಿಸಿಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು? ನಿನ್ನೆ ಇವರು ಊಟ ಮಾಡ್ತಾ, ಹೋದ ತಿಂಗಳು ಗುಮಾಸ್ತರು ಯಾರದೋ ಎದೆಯಿಂದ ಬಜಾರಲ್ಲಿ ಕೊಂಡ ನಕಲಿ ಪದಕ ಕೀಳಿಸಿದ್ರಂತೆ ಅಂದ್ರು. ಅಂಚಲ್ಲಿ ನಂಬರಿಲ್ಲದೆ ಸಿಕ್ಕಿಬಿದ್ನಂತೆ. ಆಮೇಲೆ ಹೋಗಿ ಇವುಗಳ ಅಂಚು ನೋಡಿದೆ.”

ನಿಯಮ ನನಗೂ ಗೊತ್ತಿತ್ತು. ಪರೇಡಿನ ಹಿಂದಿನ ದಿನ ಗುಮಾಸ್ತರು ಒಂದೊಂದು ಪದಕದ ನಂಬರನ್ನೂ ಪುಸ್ತಕದ ಜೊತೆ ತಾಳೆ ನೋಡುತ್ತಾರೆ. ತಾಳೆಯಾಗದ್ದು ಎದೆಗೆ ಏರುವುದಿಲ್ಲ.

“ಪಕ್ಕದ ಬೋರ್ಡು ಕೊರೆಯೋರ ಹತ್ರ ಹೆಸರು ಹಾಕಿಸಿಕೊಡಿ ಅಣ್ಣಾ. ನಿಮ್ಮ ಕಾಲಿಗೆ ಬೀಳ್ತೀನಿ.”

ಮನಸ್ಸು ಒಂದು ಗಳಿಗೆ ವಾಲಿತು, ಸುಳ್ಳೇಕೆ ಹೇಳಲಿ. ಆದರೂ ಹೇಳಿದೆ: “ಬೇಡ ತಂಗಿ. ಈಗ ಇವು ನಿಜವಾದ ಪದಕ, ಹೆಸರಿಲ್ಲ ಅಷ್ಟೇ. ನಾವು ಕೊರೆಸಿದ್ರೆ ಆಗ ಸುಳ್ಳಾಗ್ತವೆ.”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ನಾನು ತಿಳಿದ ಕೆಲಸವನ್ನೇ ಮಾಡಿದೆ: ಕೈಮುಗಿದು, ಹೊಲಿಗೆ ಬಿಚ್ಚತೊಡಗಿದೆ. ಮೊದಲ ಪದಕ ಸಡಿಲವಾಗಿ ಹೊರಳಿದಾಗ ಕಿಟಕಿಯ ಬಿಸಿಲು ಅದರ ಕೊಂಡಿಯ ಬುಡಕ್ಕೆ ಬಿತ್ತು. ಭೂತಗನ್ನಡಿ ಹಿಡಿದೆ. ಕೊಂಡಿ ಪದಕವನ್ನು ಕಚ್ಚಿಕೊಂಡಿರುವ ಸಂದಿಯಲ್ಲಿ, ಬಟ್ಟೆಯ ತುದಿ ತಲುಪದ ಕಡೆ, ಎರಡು ಅಂಕಿ ಉಳಿದಿದ್ದವು. ಉಳಿದ ಐದನ್ನೂ ನೋಡಿದೆ. ಎಲ್ಲದರಲ್ಲೂ ಅವೇ ಎರಡು.

ಹೊಲಿಸದೆ ಇಟ್ಟಿದ್ದ ಏಳನೆಯದನ್ನು ತಿರುಗಿಸಿದೆ. ಅದರ ಅಂಚಿನಲ್ಲಿ ನಂಬರು, ಹೆಸರು, ಒಂದಕ್ಷರ ಸವೆದಿಲ್ಲ. ಆದರೆ ಪದಕ ಮಂಕಾಗಿತ್ತು.

“ಇದನ್ಯಾಕೆ ಉಜ್ಜಿಲ್ಲ?”

ಅವಳು ಪೆದ್ದನನ್ನು ನೋಡುವ ಹಾಗೆ ನನ್ನನ್ನು ನೋಡಿದಳು. “ಎರಡು ವರ್ಷದಿಂದ ಅವರೇ ಮನೇಲಿದ್ದಾರಲ್ಲ ಅಣ್ಣಾ. ಇದನ್ನೇನು ಉಜ್ಜೋದು?”

“ಈ ಎರಡಂಕಿ ಗುಮಾಸ್ತರಿಗೆ ತೋರಿಸ್ತೀನಿ. ಅವರು ಒಪ್ತಾರೋ ಬಿಡ್ತಾರೋ ದೇವರಿಗೆ ಬಿಟ್ಟದ್ದು,” ಎಂದೆ. “ಅಷ್ಟರೊಳಗೆ ಅವನಿಗೆ ನೀನೇ ಹೇಳಿಬಿಡು.”

ಅವಳು ಹೇಳಲಿಲ್ಲ. ನಾಲಿಗೆ ಏಳಲಿಲ್ಲವಂತೆ.

ತಪಾಸಣೆಯ ದಿನ ಸಂಸಾರ ಸಮೇತ ಫೋಟೋ ಕೂಡ ಇರುತ್ತದೆ. ಹೊಲಿಗೆ ಬಿಟ್ಟರೆ ಹಾಕಲು ನಾನೂ ಸೂಜಿ ದಾರದೊಂದಿಗೆ ಹೋಗುವುದು ವಾಡಿಕೆ. ಬೀಗದಣ್ಣ ಗಂಜಿ ಹಾಕಿ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಮದುಮಗನ ಹಾಗಿದ್ದ. ಸೊಂಟದಲ್ಲಿ ಬೀಗದಕೈ ಇರಲಿಲ್ಲ. ಕೈ ಮಾತ್ರ ಆಗಾಗ ಅಲ್ಲಿಗೆ ಹೋಗಿ ಬರುತ್ತಿತ್ತು. ಅವಳು ಗೋಡೆಗೆ ಅಂಟಿಕೊಂಡು ನಿಂತಿದ್ದಳು.

ಗುಮಾಸ್ತ ಎಳೆಯ ವಯಸ್ಸಿನವನು, ದಪ್ಪ ಕನ್ನಡಕ. ಪಟ್ಟಿಯನ್ನು ಓರೆ ಮಾಡಿ ಒಂದೊಂದಾಗಿ ನೋಡಿ, ಕೊನೆಗೆ ತಲೆಯೆತ್ತಿದ. “ಸಾಹೇಬ್ರೇ, ಒಂದೇ ಸರಿಯಿದೆ. ಆರು ಖಾಲಿ. ನಾಳೆ ಒಂದನ್ನೇ ಹಾಕ್ಕೊಳ್ಬೇಕಾಗುತ್ತೆ.”

“ಖಾಲಿ ಅಂದ್ರೆ?” ಬೀಗದಣ್ಣ ಮೇಜಿನತ್ತ ಬಾಗಿದ. “ನಾನು ಬಜಾರಿಂದ ತಂದೆ ಅಂತೀರೇನ್ರೀ?”

“ನಾನೇ ಅಳಿಸಿದ್ದು!” ಅವಳು ಮುಂದೆ ಬಂದುಬಿಟ್ಟಿದ್ದಳು. “ಅವರದ್ದೇನೂ ತಪ್ಪಿಲ್ಲ ಸ್ವಾಮಿ. ಅವರಿಲ್ಲದಾಗ ದಿನಾ ದೀಪದ ಜೊತೆ ಉಜ್ತಿದ್ದೆ. ಉಜ್ಜಿ ಉಜ್ಜಿ ಹೋಯ್ತು.”

ನಾನು ಭೂತಗನ್ನಡಿಯನ್ನು ಗುಮಾಸ್ತನ ಕೈಗಿಟ್ಟು ಕೊಂಡಿಯ ಸಂದಿ ತೋರಿಸಿದೆ. ಅವನು ನೋಡಿದ, ಪುಸ್ತಕ ನೋಡಿದ, ಮತ್ತೆ ನೋಡಿದ. ಆರಕ್ಕೆ ಆರೂ ತಾಳೆಯಾದವು. ಏಳನೆಯದರ ನಂಬರೂ ಅವೇ ಅಂಕಿಗಳಿಂದಲೇ ಶುರುವಾಗುತ್ತಿತ್ತು.

“ಪದಕ ನಿಜದ್ದೇ,” ಎಂದು ಪೆನ್ನು ತೆಗೆದ. “ಆದ್ರೆ ಹೆಸರು ಹೋಗಿದ್ದಕ್ಕೆ ಕಾರಣ ಬರೀಬೇಕು. ಏನಂತ ಬರೀಲಿ? ಅಜಾಗರೂಕತೆ ಅಂತ...”

ಬೀಗದಣ್ಣ ಪಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡ. ಕಿಟಕಿಯ ಬಳಿಗೆ ಹೋಗಿ ಬೆಳಕಿಗೆ ಹಿಡಿದ, ಇಪ್ಪತ್ತೆಂಟು ವರ್ಷ ಬೂಟು, ಕಂಬಳಿಗಳನ್ನು ಹಿಡಿದ ಹಾಗೆಯೇ. ಹೆಬ್ಬೆರಳಿಂದ ಒಂದೊಂದೇ ಅಂಚನ್ನು ಸವರಿದ. ಹಿಮದ ಬೆಟ್ಟದ್ದು, ಪ್ರವಾಹದ್ದು, ಗಡಿಯದ್ದು. ಅವಳು ತಲೆ ತಗ್ಗಿಸಿ, ಉಗ್ರಾಣದ ಕಿಟಕಿಯ ಮುಂದಿನ ಸಿಪಾಯಿಯಂತೆ ಉಸಿರು ಬಿಗಿಹಿಡಿದಿದ್ದಳು.

“ಬರ್ಕೊಳ್ಳಿ ತಮ್ಮಾ,” ಎಂದ. “ನ್ಯಾಯವಾದ ಸವೆತ.”

ಗುಮಾಸ್ತ ಹಾಗೇ ಬರೆದ.

ಫೋಟೋಕ್ಕೆ ನಿಲ್ಲುವಾಗ ಅವಳು ಕಣ್ಣೊರೆಸಿಕೊಂಡು ಅವನ ಎದೆ ನೋಡಿದಳು. ವರ್ಷಗಟ್ಟಲೆ ಉಜ್ಜಿಸಿಕೊಂಡ ಆರು ಇನ್ನೂ ಫಳಫಳ ಅನ್ನುತ್ತಿದ್ದವು, ಒಂದು ಮಂಕು. ರೂಢಿಯಂತೆ ಸೆರಗಿನ ತುದಿ ಆ ಏಳನೆಯದರ ಕಡೆ ಹೋಯಿತು. ಅವನು ಮಣಿಕಟ್ಟು ಹಿಡಿದುಕೊಂಡ.

“ಬಿಡೇ ಅದನ್ನ. ನಾನು ಇಲ್ಲೇ ಇದೀನಲ್ಲ.”

“ಮಂಕಾಗಿ ಕಾಣುತ್ತೆ ರೀ, ಫೋಟೋದಲ್ಲಿ.”

“ಕಾಣ್ಲಿ ಬಿಡು,” ಎಂದ. ಫೋಟೋದವನು ಅಲುಗಾಡಬೇಡಿ ಎಂದು ಕೂಗಿದರೂ ಅವನು ಕೈ ಬಿಡಲಿಲ್ಲ.