ಅಕ್ಕ ಎಣಿಸಿದ ತೊಂಬತ್ತು

ಲಿಫ್ಟ್ ಮೆಕ್ಯಾನಿಕ್ಕನಿಗೆ ಉಳಿದಿದ್ದುದು ಎಪ್ಪತ್ತು ದಿನ. ಎಪ್ಪತ್ತನೆಯ ದಿನ ಅವನು ಹನ್ನೆರಡು ಅಂತಸ್ತಿನ ಕಟ್ಟಡದ ನೆತ್ತಿಯಲ್ಲಿರುವ ಯಂತ್ರದ ಕೋಣೆಯಲ್ಲಿ ನಿಂತು, ಬ್ರೇಕಿನ ಸನ್ನೆಕೋಲನ್ನು ತೊಂಬತ್ತು ಸೆಕೆಂಡು ಬಿಡದೆ ಎಳೆದು ಹಿಡಿಯಬೇಕು. ಹಿಡಿದರೆ, ಹತ್ತೊಂಬತ್ತು ವರ್ಷ ಮಾಡಿದ ಕೆಲಸ ಅವನದೇ. ಜಾರಿದರೆ, ನೆಲಮಾಳಿಗೆಯ ಉಗ್ರಾಣದಲ್ಲಿ ಕುಳಿತು ನಿವೃತ್ತಿಯವರೆಗೆ ಬೋಲ್ಟು ಎಣಿಸಬೇಕು.

ತೊಂಬತ್ತು ಎಂಬುದು ಯಾರೋ ಬಾಯಿಗೆ ಬಂದಂತೆ ಹೇಳಿದ ಸಂಖ್ಯೆಯಲ್ಲ. ಕರೆಂಟು ಹೋಗಿ ಲಿಫ್ಟು ಎರಡು ಅಂತಸ್ತುಗಳ ನಡುವೆ ಸಿಕ್ಕಿಕೊಂಡರೆ, ಒಬ್ಬನು ಸನ್ನೆಕೋಲನ್ನೆಳೆದು ಬ್ರೇಕನ್ನು ಬಿಚ್ಚಿ ಹಿಡಿಯುತ್ತಾನೆ. ಇನ್ನೊಬ್ಬನು ಕೈಚಕ್ರ ತಿರುಗಿಸಿ ಲಿಫ್ಟನ್ನು ಬಾಗಿಲಿನ ಮಟ್ಟಕ್ಕೆ ತರುತ್ತಾನೆ. ಒಂದು ಅಂತಸ್ತಿಗೆ ಹದಿನೆಂಟು ಸುತ್ತು, ಸುತ್ತಿಗೆ ಐದು ಸೆಕೆಂಡು. ಅವಸರಪಟ್ಟರೆ ಲಿಫ್ಟಿನ ಓಟ ಚಕ್ರವನ್ನೇ ಕೈಯಿಂದ ಕಿತ್ತುಕೊಳ್ಳುತ್ತದೆ. ನಡುವೆ ಸನ್ನೆಕೋಲು ಜಾರಿದರೆ ಬ್ರೇಕು ತಟ್ಟನೆ ಕಚ್ಚಿ, ಚಕ್ರ ಹಿಡಿದವನ ಮಣಿಕಟ್ಟು ಮುರಿಯುವುದೂ ಉಂಟು.

ಇದಕ್ಕೆಲ್ಲ ಮೂಲವಾದ ಕಿಬ್ಬೊಟ್ಟೆಯ ಆಪರೇಷನ್ನಿಗೆ ಕಾರಣ ಅವನದೇ ಹಟ. ಇಬ್ಬರು ಎತ್ತಬೇಕಾದ ಮೋಟರನ್ನು ಒಬ್ಬನೇ ಎತ್ತಲು ಹೋಗಿದ್ದ. ಡಾಕ್ಟರು ಹೊಲಿಗೆ ಹಾಕಿ, ಆರು ತಿಂಗಳು ಭಾರ ಎತ್ತಕೂಡದು, ತುಂಬಿದ ಬಕೆಟ್ಟು ಕೂಡ ಬೇಡ ಎಂದರು. ಆರು ತಿಂಗಳು ಮುಗಿದ ಮರುದಿನವೇ ಕಂಪನಿಯ ಪರೀಕ್ಷೆ. ಮೊದಲ ಮೂರೂವರೆ ತಿಂಗಳು ಅವನು ಮಲಗಿ, ಕುಳಿತು ಕಳೆದ. ತೋಳುಗಳು ಅಂಗಿಯ ತೋಳಿನೊಳಗೆ ಎಲ್ಲಿವೆ ಎಂದು ಹುಡುಕುವಂತಾದವು.

"ಭಾರ ಎತ್ತದೆ ತೋಳು ಹೇಗೆ ಬರುತ್ತೆ ಮೇಡಂ?" ಎಂದು ಅವನು ಆಸ್ಪತ್ರೆಯ ಫಿಸಿಯೋ ಮೇಡಂ ಅವರನ್ನು ಕೇಳಿದ್ದ.

"ತೋಳಿಗೆ ಕಣ್ಣಿಲ್ಲ. ಎದುರಿಗಿರೋದು ಕಬ್ಬಿಣವೋ ಗೋಡೆಯೋ ಅದಕ್ಕೆ ಗೊತ್ತಾಗಲ್ಲ. ತಡೆ ಇದ್ದರೆ ಸಾಕು, ಅದು ಬೆಳೆಯುತ್ತೆ. ಆದರೆ ಉಸಿರು ಕಟ್ಟಬೇಡಿ. ಉಸಿರು ಕಟ್ಟಿದರೆ ಒತ್ತಡವೆಲ್ಲ ಹೊಲಿಗೆ ಮೇಲೆ."

ಅಂದಿನಿಂದ ಮನೆಯ ಗೋಡೆಗೆ ನೆಮ್ಮದಿಯಿಲ್ಲದಾಯಿತು. ಬೆಳಿಗ್ಗೆ ಅಂಗೈಗಳನ್ನು ಗೋಡೆಗೊತ್ತಿ ನೂಕುವುದು. ಆಮೇಲೆ ಬಾಗಿಲ ಚೌಕಟ್ಟನ್ನು ಎರಡೂ ಕೈಗಳಿಂದ ಹೊರಕ್ಕೆ ತಳ್ಳುವುದು. ಕೊನೆಗೆ ಕಿಟಕಿಯ ಸರಳಿಗೆ ಟವೆಲು ಸುತ್ತಿ, ಮೊಣಕೈ ಮಡಿಸಿ, ಎಳೆದು ಹಿಡಿದು ನಿಲ್ಲುವುದು. ಸರಳು ಬರುವುದಿಲ್ಲ, ತೋಳು ಬಿಡುವುದಿಲ್ಲ. ಸನ್ನೆಕೋಲಿಗೆ ಹತ್ತಿರದ ಪಾಠವೆಂದರೆ ಅದೇ.

ಎಣಿಸುವ ಕೆಲಸ ಅಕ್ಕನದು. ಅವಳು ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದು ಬಟ್ಟೆ ಹೊಲಿಯುತ್ತಿದ್ದಳು. ಗಡಿಯಾರದ ಮುಳ್ಳು ಕಣ್ಣಿಗೆ ಬಿದ್ದರೆ ಕೈ ಬೇಗ ಸೋಲುತ್ತದೆಂದು ಅವನೇ ಅದನ್ನು ಗೋಡೆಯ ಕಡೆಗೆ ತಿರುಗಿಸಿ ತೂಗುಹಾಕಿದ್ದ.

"ಮನೆ ಬಾಡಿಗೇದು ಕಣೋ. ಗೋಡೆ ಪಕ್ಕದ ಮನೆಗೆ ಸರಿದರೆ ಓನರ್‌ಗೆ ನೀನೇ ಉತ್ತರ ಹೇಳು."

"ನೀನು ಎಣಿಸಕ್ಕಾ, ಬಾಯಿ ಆಮೇಲೆ."

"ಎಣಿಸೋಕೂ ಬಾಯೇ ಬೇಕಲ್ಲೋ!"

ಮೊದಲ ವಾರ ಇಪ್ಪತ್ತಕ್ಕೇ ಟವೆಲು ಜಾರಿತು. ನಾಲ್ಕನೆಯ ವಾರ ನಲವತ್ತೈದು. ಎಂಟನೆಯ ವಾರ ಎಂಬತ್ತು. ಒಂಬತ್ತನೆಯ ವಾರದ ಕೊನೆಗೆ ತೊಂಬತ್ತು ಮುಟ್ಟಿದಾಗ ಅಕ್ಕ ಕತ್ತರಿ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. ತೋಳಿನಲ್ಲಿ ಒಂದು ಸಣ್ಣ ಉಬ್ಬು ಕಾಣಿಸಿತ್ತು. ಅವನು ಅದನ್ನು ಯಾರೂ ಇಲ್ಲದಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಅರವತ್ತೊಂಬತ್ತನೆಯ ದಿನ, ಬೆಳಿಗ್ಗೆ, ಕೊನೆಯ ಅಭ್ಯಾಸ. ಅಕ್ಕ ಬಚ್ಚಲಲ್ಲಿ ಖಾಲಿ ಬಕೆಟ್ಟಿಟ್ಟು ನಲ್ಲಿ ತಿರುಗಿಸಿ ಬಂದವಳೇ, "ಹೂಂ, ಹಿಡಿ" ಎಂದು ಎಣಿಕೆ ಶುರುಮಾಡಿದಳು. ತೊಂಬತ್ತಾಯಿತು. ಅವನು ಬೆವರೊರೆಸಿಕೊಂಡು, ಹರಿದುಹೋಗುತ್ತಿರಬಹುದಾದ ನೀರನ್ನು ನಿಲ್ಲಿಸಲು ಬಚ್ಚಲಿಗೆ ಹೋದ.

ಬಕೆಟ್ಟು ತುಂಬಿರಲಿಲ್ಲ.

ಅದು ಹದಿನಾರು ಲೀಟರಿನ ಬಕೆಟ್ಟು, ಒಳಗೆ ಲೀಟರಿನ ಗೆರೆಗಳಿದ್ದವು. ಆ ನಲ್ಲಿ ಐದು ಸೆಕೆಂಡಿಗೆ ಒಂದು ಲೀಟರು ಬಿಡುತ್ತದೆಂಬುದನ್ನು, ಕೆಲಸವಿಲ್ಲದೆ ಕುಳಿತ ದಿನಗಳಲ್ಲಿ, ಅವನೇ ಲೆಕ್ಕ ಹಾಕಿಟ್ಟಿದ್ದ. ನೀರು ಹದಿಮೂರನೆಯ ಗೆರೆ ಮುಟ್ಟಿ ಮೇಲೇರುತ್ತಿತ್ತಷ್ಟೆ. ಹದಿಮೂರೈದಲೆ ಅರವತ್ತೈದು. ಅವನು ನಲ್ಲಿ ನಿಲ್ಲಿಸಿದ. ಇನ್ನೊಮ್ಮೆ ಗುಣಿಸಿದ. ನಡೆದು ಬಂದ ಹೊತ್ತನ್ನು ಸೇರಿಸಿದರೂ ಅರವತ್ತೈದೇ.

"ಅಕ್ಕಾ, ನಿನ್ನ ತೊಂಬತ್ತು ಎಷ್ಟು ಹೊತ್ತಿಂದು?"

ಹೊಲಿಗೆ ಯಂತ್ರ ನಿಂತಿತು. ಅವಳು ಕೇಳಿದ್ದು ತಿಳಿಯದವಳಂತೆ ಸೂಜಿಗೆ ದಾರ ಪೋಣಿಸಹೋದಳು. ಸೂಜಿಯಲ್ಲಿ ಆಗಲೇ ದಾರವಿತ್ತು.

"ನಲವತ್ತರವರೆಗೆ ಸರಿಯಾಗೇ ಎಣಿಸ್ತೀನಿ. ಆಮೇಲೆ ನಿನ್ನ ಕತ್ತಿನ ನರ ಹಗ್ಗದ ಹಾಗೆ ಎದ್ದು ಬರುತ್ತೆ. ತೋಳು ಗಡಗಡ ಅನ್ನುತ್ತೆ. ಹೊಲಿಗೆ ಎಲ್ಲಿ ಬಿಚ್ಚಿಕೊಳ್ಳುತ್ತೋ ಅಂತ... ನಾಲಿಗೆ ತಾನೇ ಓಡುತ್ತೆ ಕಣೋ. ನಾನು ಓಡಿಸಿದ್ದಲ್ಲ."

ಅವನಿಗೆ ಕೂಗಾಡಬೇಕೆನಿಸಿತು. ಆದರೆ ಕೂಗಿದರೆ ಇಪ್ಪತ್ತೈದು ಸೆಕೆಂಡು ಮರಳಿ ಬರುವುದಿಲ್ಲ. ವಾರಕ್ಕೆ ಐದಾರು ಸೆಕೆಂಡಿನಂತೆ ಬೆಳೆದ ತೋಳು ಒಂದು ದಿನದಲ್ಲಿ ಇಪ್ಪತ್ತೈದನ್ನು ಎಲ್ಲಿಂದ ತರಬೇಕು? ಅವನು ಟವೆಲನ್ನು ಮಡಿಸಿಟ್ಟ. ಆ ದಿನ ಆ ಮನೆಯಲ್ಲಿ ಹೊಲಿಗೆ ಯಂತ್ರ ಮತ್ತೆ ಸದ್ದು ಮಾಡಲಿಲ್ಲ.

ಮರುದಿನ ಹತ್ತು ಗಂಟೆಗೆ ಯಂತ್ರದ ಕೋಣೆಯಲ್ಲಿ ಮೂವರಿದ್ದರು. ಸ್ಟಾಪ್‌ವಾಚ್ ಹಿಡಿದ ಸೂಪರ್‌ವೈಸರು. ಕೈಚಕ್ರದ ಮೇಲೆ ಕೈಯಿಟ್ಟ ಗುಂಡ. ಸನ್ನೆಕೋಲಿನ ಮುಂದೆ ಅವನು. ಗುಂಡ ಅವನ ಕೈಕೆಳಗೇ ಕೆಲಸ ಕಲಿತವನು. ದಿನವೂ ಕಬ್ಬಿಣ ಎತ್ತಿ ಬೆಳೆಸಿದ ಅವನ ತೋಳು ಮೆಕ್ಯಾನಿಕ್ಕನ ತೊಡೆಯಷ್ಟಿತ್ತು.

"ಅಣ್ಣಾ, ತೋಳೇನೋ ಪರವಾಗಿಲ್ಲ. ಮೊದಲು ಪೆನ್ಸಿಲ್ ಥರ ಇತ್ತು. ಈಗ ಪೆನ್ನು."

"ಮಾತು ಸಾಕು," ಎಂದರು ಸೂಪರ್‌ವೈಸರು. "ಖಾಲಿ ಲಿಫ್ಟು, ಒಂದು ಅಂತಸ್ತು, ಹದಿನೆಂಟು ಸುತ್ತು. ಸನ್ನೆಕೋಲು ಜಾರಿದರೆ ಅಲ್ಲಿಗೆ ಮುಗಿಯಿತು. ಎರಡನೇ ಅವಕಾಶ ಇಲ್ಲ. ಹಿಡಿ."

ಅವನು ಎಳೆದ. ಬ್ರೇಕು ನಿಟ್ಟುಸಿರಿಟ್ಟಂತೆ ಬಿಚ್ಚಿತು. ಗುಂಡ ಚಕ್ರ ತಿರುಗಿಸತೊಡಗಿದ.

ಮೆಕ್ಯಾನಿಕ್ ಸುತ್ತುಗಳನ್ನು ಬಾಯಿಬಿಟ್ಟು ಎಣಿಸಿದ. ಎಣಿಸುವ ಬಾಯಿ ಉಸಿರು ಕಟ್ಟಲಾರದು. ಒಂದು. ಎರಡು. ಐದಕ್ಕೆ ಮೊಣಕೈ ಬಿಸಿಯಾಯಿತು. ಒಂಬತ್ತಕ್ಕೆ ಮುಂದೋಳು ನಡುಗಲಾರಂಭಿಸಿತು. ಹನ್ನೊಂದಕ್ಕೆ ಬೆವರು ಕಣ್ಣಿಗಿಳಿಯಿತು, ಒರೆಸಲು ಕೈಯಿಲ್ಲ. ಹದಿಮೂರು. ಅಲ್ಲಿಗೆ ಅರವತ್ತೈದು ಸೆಕೆಂಡು. ತೋಳಿಗೆ ಗೊತ್ತಿದ್ದ ದಾರಿ ಅಲ್ಲಿಗೆ ಮುಗಿಯಿತು. ಪ್ರತಿ ಬೆಳಿಗ್ಗೆ ಬಿಟ್ಟುಬಿಡುತ್ತಿದ್ದ ಆ ಜಾಗ ಬಂದೊಡನೆ ಬೆರಳುಗಳು ತಾವೇ ಸಡಿಲಗೊಂಡವು. ಸನ್ನೆಕೋಲು ಒಂದು ಬೆರಳಿನ ಅಗಲದಷ್ಟು ಹಿಂದೆ ಸರಿಯಿತು, ಬ್ರೇಕು ಕಿರುಗುಟ್ಟಿತು, ಆದರೆ ಕಚ್ಚಲಿಲ್ಲ. ಅವನು ಮೊಣಕೈಯನ್ನು ಪಕ್ಕೆಗೆ ಒತ್ತಿ, ಅದನ್ನು ಮತ್ತೆ ತನ್ನತ್ತ ಎಳೆದ.

ಗುಂಡ ತಲೆ ಎತ್ತಿ ನೋಡಿದ. ಅಣ್ಣನ ಕತ್ತಿನ ನರ ನೋಡಿದ. ಚಕ್ರದ ಮೇಲಿನ ಕೈ ತುಸು ಚುರುಕಾಯಿತು. ಹದಿನಾಲ್ಕನೆಯ ಸುತ್ತು ನಾಲ್ಕೇ ಸೆಕೆಂಡಿಗೆ ಬಂತು. ಹದಿನೈದು, ಅದಕ್ಕೂ ಬೇಗ. ಲಿಫ್ಟಿನ ಉಕ್ಕಿನ ಹಗ್ಗಗಳು ಕೆಳಗೆ ಗುಂಯ್‌ಗುಟ್ಟಿದವು. ಸೂಪರ್‌ವೈಸರಿನ ಕಣ್ಣು ವಾಚಿನ ಮೇಲಿತ್ತು. ಮೆಕ್ಯಾನಿಕ್ ಸುಮ್ಮನಿದ್ದರೆ ಸಾಕಿತ್ತು. ಮೂರು ಸುತ್ತು, ಹತ್ತು ಸೆಕೆಂಡು, ಮುಗಿಯುತ್ತಿತ್ತು. ಕರುಣೆಯ ಲೆಕ್ಕ ಎಷ್ಟು ಮೆತ್ತಗಿರುತ್ತದೆಂಬುದು ಅವನಿಗೆ ನಿನ್ನೆಯೇ ತಿಳಿದಿತ್ತು.

"ಗುಂಡಾ, ನಿಧಾನ!"

"ಅಣ್ಣಾ, ನಿನ್ನ ಕೈ..."

"ನನ್ನ ಕೈ ನಾನು ನೋಡ್ಕೋತೀನಿ. ನೀನು ಐದೈದು ಎಣಿಸು. ಚಕ್ರ ಕಿತ್ತುಕೊಂಡರೆ ಹೋಗೋದು ನಿನ್ನ ಕೈ!"

ಗುಂಡನ ಮುಖ ಕೆಂಪಾಯಿತು. ಚಕ್ರ ತನ್ನ ನಡಿಗೆಗೆ ಮರಳಿತು. ಹದಿನಾರು. ಆ ಐದು ಸೆಕೆಂಡಿನಷ್ಟು ಉದ್ದನೆಯದು ಅವನ ಹತ್ತೊಂಬತ್ತು ವರ್ಷಗಳಲ್ಲಿ ಯಾವುದೂ ಇರಲಿಲ್ಲ. ಬೆರಳುಗಳು ತನ್ನವೆಂಬುದೇ ಮರೆತುಹೋಯಿತು. ಹದಿನೇಳು. ಸನ್ನೆಕೋಲನ್ನು ಅವನು ಈಗ ಎಳೆಯುತ್ತಿರಲಿಲ್ಲ. ಕಿಟಕಿಯ ಸರಳಿನ ಹಾಗೆ, ಅದು ಬರಲಿ ಎಂದಲ್ಲ, ತಾನು ಬಿಡಬಾರದು ಎಂದಷ್ಟೇ ನಿಂತಿದ್ದ.

"ಹದಿನೆಂಟು."

"ಬಿಡು," ಎಂದರು ಸೂಪರ್‌ವೈಸರು.

ಬ್ರೇಕು ಕಚ್ಚಿಕೊಂಡಿತು. ಗುಂಡ ಚಕ್ರದ ಮೇಲೆಯೇ ತಲೆಯಿಟ್ಟ.

ಸೂಪರ್‌ವೈಸರು ವಾಚು ನೋಡಿದರು. "ಎಂಬತ್ತೇಳು. ಮೂರು ಸೆಕೆಂಡು ಗುಂಡನ ತಪ್ಪು, ನಿನ್ನದಲ್ಲ. ನಡುವೆ ನೀನು ಬಾಯಿ ತೆರೆಯದೆ ಇದ್ದಿದ್ದರೆ ನಾನು ನಿನ್ನನ್ನು ಉಗ್ರಾಣಕ್ಕೆ ಕಳಿಸುತ್ತಿದ್ದೆ. ಹಗ್ಗದ ಸದ್ದು ನನಗೂ ಕೇಳಿಸುತ್ತೆ. ಇಲ್ಲಿ ಸಹಿ ಹಾಕು."

ಅವನು ಪೆನ್ನು ತೆಗೆದುಕೊಂಡ. ಅದು ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಗುಂಡ ಎತ್ತಿಕೊಟ್ಟ, ಮತ್ತೆ ಬಿತ್ತು. ಅಷ್ಟು ಹೊತ್ತು ಕಬ್ಬಿಣ ಹಿಡಿದ ಕೈಗೆ ಒಂದು ಪೆನ್ನು ನಿಲ್ಲಲಿಲ್ಲ.

ಸೂಪರ್‌ವೈಸರು ವಾಚನ್ನು ಜೇಬಿಗೆ ಹಾಕಿ, ಮೂಲೆಯ ಸ್ಟೂಲನ್ನು ಅವನತ್ತ ಕಾಲಿನಿಂದ ತಳ್ಳಿದರು.

"ಕೂತ್ಕೋ. ಸಹಿಗೆ ಟೈಮ್ ಇಟ್ಟಿಲ್ಲ."

ಅವನು ಕುಳಿತು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ನಡುಕ ನಿಲ್ಲುವುದನ್ನು ಕಾದ. ಮನೆಗೆ ಹೋದೊಡನೆ ಗಡಿಯಾರವನ್ನು ಮುಂದಕ್ಕೆ ತಿರುಗಿಸಬೇಕು. ಎಣಿಸುವುದು ಮಾತ್ರ ಅಕ್ಕನೇ.