ತಾಯಿ ಕಂಡ ರೋಗ

ಕುಂಬ್ರದ ಸಮತಟ್ಟಾದ ರಸ್ತೆಯಲ್ಲಿಯೂ ಊರ್ಮಿಳಾ ಟೀಚರ್ ಕಡಿದಾದ ಮೆಟ್ಟಿಲಿಳಿಯುವವರಂತೆ, ಹೆಜ್ಜೆಹೆಜ್ಜೆಗೂ ನೆಲವಿದೆಯೇ ಎಂದು ಪರೀಕ್ಷಿಸುತ್ತ ನಡೆಯುತ್ತಾರೆ. ಪ್ರಾಣಿಶಾಸ್ತ್ರದ ಅಧ್ಯಾಪನದಿಂದ ನಿವೃತ್ತರಾದ ಬಳಿಕ ಬೆಟ್ಟಂಪಾಡಿಯ ಪಾಳು ಕೆಂಪುಕಲ್ಲಿನ ಕೋರೆಗೆ ಅನುದಿನವೂ ಇಳಿದು ಹತ್ತಿದ ಕಾಲುಗಳಿಗೆ ಆ ನಡಿಗೆಯೇ ಪ್ರಕೃತಿಯಾಗಿದೆ. ಸುಡುಬಿಸಿಲಿನಲ್ಲಿಯೂ ಮೈಮೇಲೆ ಜೇಬು ಹರಿದ ಮಳೆಯಂಗಿ. ಕೋರೆಯ ನೀರಿನ ತಂಪು ಎಲುಬಿಗಿಳಿದಿದೆಯಂತೆ.

ಆ ನೀರಿನಲ್ಲಿ, ಇಳಿಬಿಟ್ಟ ಬಲೆಬುಟ್ಟಿಗಳಲ್ಲಿ, ಅವರು ಸಾಕುವುದು ಮುತ್ತಿನ ಚಿಪ್ಪುಗಳನ್ನು. ಹಿಂದೊಮ್ಮೆ ರೋಗ ಬಂದು ಬಹುಪಾಲು ಚಿಪ್ಪುಗಳು ಬಾಯ್ದೆರೆದು ಸತ್ತುವು. ಬದುಕುಳಿದ ತಾಯಿಚಿಪ್ಪುಗಳು ರೋಗ ಕಾಣುವ ಮುನ್ನ ಹೆತ್ತ ಮರಿಗಳನ್ನು ಒಂದು ಬುಟ್ಟಿಯಲ್ಲಿಯೂ, ಕಂಡ ಮೇಲೆ ಹೆತ್ತವನ್ನು ಇನ್ನೊಂದರಲ್ಲಿಯೂ ಅವರು ಬೆಳೆಸಿದರು. ವಂಶವಾಹಿಯ ಅಕ್ಷರಗಳು ಬದಲಾಗವು. ಆದರೆ ಯಾವುದನ್ನು ಗಟ್ಟಿಯಾಗಿ ಓದಬೇಕು, ಎಲ್ಲಿ ಮೌನವಾಗಬೇಕು ಎಂಬುದನ್ನು ತಾಯಿಯ ಸಂಕಟವು ಗುರುತುಮಾಡಿ ಕಳುಹಿಸೀತೇ? ಅವರ ಜೀವಮಾನದ ಜಿಜ್ಞಾಸೆಯೆಲ್ಲ ಇಷ್ಟೇ. ರೋಗ ಮರಳಿದಾಗ ಮೊದಲ ಬುಟ್ಟಿ ಸತ್ತು ಎರಡನೆಯದು ಉಳಿದರೆ ಉತ್ತರ ಸಿಕ್ಕಂತೆ. ಆದುದರಿಂದ ಮದ್ದು ನಿಷಿದ್ಧ.

"ಸಾಯ್ಲಿಕ್ಕೆ ಬಿಡುದಕ್ಕೆ ನೀವು ಪರೀಕ್ಷೆ ಅಂತ ಹೇಳುದು ಟೀಚರೇ," ಎನ್ನುವನು ಕೋರೆ ಕಾಯುವ ಜತ್ತಪ್ಪ, "ನನ್ನ ಹೆಂಡತಿ ಬೇರೆಯೇ ಹೆಸರು ಹೇಳ್ತಾಳೆ."

ಈ ವರ್ಷ ಪಕ್ಕದ ಹೊಂಡದ ಚಿಪ್ಪುಗಳಿಗೆ ರೋಗ ಬಂತು. ಇಲ್ಲಿಗೂ ಹಬ್ಬೀತೆಂದು ಟೀಚರ್ ನಿದ್ದೆಗೆಟ್ಟು ಕಾದರು. ಎರಡು ಬುಟ್ಟಿಗಳಲ್ಲಿಯೂ ಒಂದು ಚಿಪ್ಪೂ ಬಾಯ್ದೆರೆಯಲಿಲ್ಲ.

ಜತ್ತಪ್ಪ ಕತ್ತು ತುರಿಸಿಕೊಂಡ. "ತೋಟಕ್ಕೆ ತಂದ ಸುಣ್ಣ ಸ್ವಲ್ಪ ಮಿಕ್ಕಿತ್ತು. ಪಾಪ ಅಂತ ನೀರಿಗೆ ಹಾಕಿದೆ."

"ಎಂತ ಮಾಡಿದೆ ಮಾರಾಯ! ಈಗ ಉಳಿಸಿದ್ದು ತಾಯಿಯಾ, ನಿನ್ನ ಸುಣ್ಣವಾ?"

"ಯಾರಾದ್ರೆ ಎಂತ? ಉಳಿದ್ವಲ್ಲ!"

ತಾಯಿಚಿಪ್ಪುಗಳು ಮುದಿಯಾಗಿದ್ದವು, ಇನ್ನು ಹೆರಲಾರವು. ಇರುವುದು ಈ ಎರಡು ಬುಟ್ಟಿಗಳೇ. ಮರುದಿನ ಮುಂಜಾನೆ ಟೀಚರೇ ಅವೆರಡನ್ನೂ ಎತ್ತಿ, ಸುಣ್ಣ ಬೀಳದ ಆ ರೋಗದ ಹೊಂಡಕ್ಕೆ ಇಳಿಸಿದರು. ಜತ್ತಪ್ಪ ಮುಖ ತಿರುಗಿಸಿ ನಿಂತ.

ಅಭ್ಯಾಸಬಲದಿಂದ ಕೈಮುಗಿದ ಟೀಚರಿಗೆ ಏನು ಬೇಡಬೇಕೆಂದು ತೋಚಲಿಲ್ಲ. ಎರಡನ್ನೂ ಉಳಿಸೆಂದರೆ ಕೇಳಿದ ಪ್ರಶ್ನೆಗೇ ದ್ರೋಹ. ಒಂದನ್ನು ಮಾತ್ರ ಎಂದರೆ ಸಾಕಿದ ಕೈಗೆ ಪಾಪ. ಸತ್ಯವೊಂದನ್ನೇ ದೈವವೆಂದು ನಂಬಿ ಬಾಳುವ ಇಂಥವರಿಗೆ, ದಣಿದವರೆಲ್ಲರಿಗೂ ಸಲ್ಲುವ ಪ್ರಾರ್ಥನೆಯೆಂಬ ಆ ಒಂದು ವಿಶ್ರಾಂತಿಯೂ ಸಲ್ಲದು. ಬೇಡದೆಯೇ ಕಾಯುವುದು ಅವರ ಪಾಲಿನ ಭಕ್ತಿ.