ಮನೆಗೆಲ್ಲಾ ಒಂದೇ ಅಕೌಂಟು

ಗುಬ್ಬಿಯಲ್ಲಿದ್ದ ಗಂಡನ ಮನೆ ಬಿಟ್ಟು ಬರುವಾಗ ಅರುಣಾ ತೋರಿಸಿದ ಹುಷಾರಿ ಅಷ್ಟಿಷ್ಟಲ್ಲ. ಸಿಮ್ ಮುರಿದು ಮೋರಿಗೆ ಹಾಕಿ, ಫೋನಿಗೆ ಹೊಸದು ಹಾಕಿಸಿದಳು. ತವರಿಗೆ ಹೋಗಲಿಲ್ಲ, ಗಂಡ ಅಂಜನ್‌ಕುಮಾರ್ ಮೊದಲು ಹುಡುಕುವುದೇ ಅಲ್ಲಿ. ಆರು ವರ್ಷದ ಮಗಳನ್ನು ಕಟ್ಟಿಕೊಂಡು ಕುಣಿಗಲ್ಲಿನಲ್ಲಿ ದೂರದ ಸಂಬಂಧದ ಶಿವರುದ್ರಮ್ಮ ದೊಡ್ಡಮ್ಮನ ಮನೆ ಸೇರಿದಳು. ಅವನ ಹೊಡೆತ ಅವಳಿಗೆ ಅಭ್ಯಾಸವಾಗಿತ್ತು, ಹಾಳಾಗಿ ಹೋಗಲಿ. "ನೀನು ಎಲ್ಲಿಗಾದ್ರೂ ಹೋಗು. ಮಗೂನ ಮಾತ್ರ ನಿನ್ ಕಣ್ಣಿಗೆ ಬೀಳ್ದಂಗೆ ಮಾಡ್ತೀನಿ" ಎಂದಿದ್ದನಲ್ಲ, ಆ ಮಾತಿಗೆ ಹೆದರಿದ್ದಳು.

ಒಂದು ತಿಂಗಳು ಮೈಯೆಲ್ಲಾ ಕಣ್ಣಾಗಿ ಕಳೆದಳು. ಮಗಳನ್ನು ಹೊಸ ಶಾಲೆಗೆ ಸೇರಿಸಿದ ದಿನ, ಎಷ್ಟಾದರೂ ತಾಯಿ ಜೀವ, ಯೂನಿಫಾರ್ಮ್ ಹಾಕಿಸಿ ಗೇಟಿನ ಮುಂದೆ ಇಬ್ಬರದೂ ಒಂದು ಸೆಲ್ಫಿ ತೆಗೆದುಕೊಂಡಳು. ಅದನ್ನು ಹೆತ್ತಮ್ಮನಿಗೂ ಕಳಿಸಲಿಲ್ಲ.

ಗುರುವಾರ ಬೆಳಿಗ್ಗೆಯಿಂದ ಫೋನು ಜಾಗವಿಲ್ಲ, ಜಾಗವಿಲ್ಲ ಎಂದು ಬಡಿದುಕೊಳ್ಳತೊಡಗಿತು. ದೊಡ್ಡಮ್ಮನ ಪಕ್ಕದ ಮನೆಯ ವಾಣಿಶ್ರೀ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಸೆಂಟರ್ ಇಟ್ಟಿದ್ದಳು. ಅರುಣಾಳ ಕಥೆಯೆಲ್ಲ ಅವಳಿಗೆ ಗೊತ್ತಿತ್ತು. ಮಧ್ಯಾಹ್ನ ಮೂರರ ಸುಮಾರಿಗೆ ಅರುಣಾ ಅಲ್ಲಿಗೆ ಹೋದಳು.

"ಬ್ಯಾಕಪ್ ಆಗಿದ್ರೆ ಫೋನಿಂದ ಅಳಿಸ್ಬೋದು ಕಣಕ್ಕ" ಎಂದು ವಾಣಿಶ್ರೀ ಫೋನಿನ ಕ್ಲೌಡ್ ಅಕೌಂಟನ್ನು ದೊಡ್ಡ ಪರದೆಯಲ್ಲಿ ತೆರೆದಳು. "ತೆಗ್ದಿದ್ ಫೋಟೊ ಎಲ್ಲಾ ತಾನಾಗೇ ಇಲ್ಲಿ ಹೋಗಿ ಕೂತೈತೆ. ಇದ್ಯಾರ ಅಕೌಂಟು? ಅಂಜನ್‌ಕುಮಾರ್ ಅಂತ ಐತೆ."

"ನಮ್ಮನೆಯವ್ರದು. ಮನೆಗೆಲ್ಲಾ ಒಂದೇ. ಫೋನ್ ತಂದಾಗ ಅವ್ರೇ ಹಾಕ್ಕೊಟ್ಟಿದ್ರು."

ವಾಣಿಶ್ರೀ ಮೆಲ್ಲಗೆ ತಿರುಗಿ ನೋಡಿದಳು. "ಹಂಗಾದ್ರೆ ನೀನು ತೆಗ್ದಿದ್ದೆಲ್ಲಾ ಅವ್ರಿಗೂ ಕಾಣ್ತದಲ್ಲಕ್ಕ."

ಅಯ್ಯೋ ಶಿವನೇ, ಸಿಮ್ ಮುರಿದವಳಿಗೆ ಇದೊಂದು ಹೊಳೆದಿರಲಿಲ್ಲ. ಕರೆಂಟ್ ಬಿಲ್ಲು ಯಜಮಾನರ ಹೆಸರಿನಲ್ಲಿ ಬರುವ ಹಾಗೆ ಇದೂ ಒಂದು ಎಂದುಕೊಂಡಿದ್ದಳು, ಪಾಪ.

ಪರದೆಯಲ್ಲಿ ಅವಳು ಮಾಡಿರದ ಒಂದು ಆಲ್ಬಮ್ ಇತ್ತು. ಹೆಸರು 'ಕುಣಿಗಲ್'. ನಿನ್ನೆ ಮಾಡಿದ್ದು. ಒಳಗೆ ಅಂಜನ್‌ಕುಮಾರ್ ಅವಳ ಹನ್ನೊಂದು ಫೋಟೊಗಳನ್ನು ಆರಿಸಿ ಇಟ್ಟಿದ್ದ: ದೊಡ್ಡಮ್ಮನ ಬೀದಿ, ಶಾಲೆಯ ಬೋರ್ಡು, ಗೇಟಿನ ಮುಂದೆ ತಾಯಿ ಮಗಳು.

ಅರುಣಾ ಅಲ್ಲಿಂದಲೇ ಶಾಲೆಗೆ ಫೋನ್ ಮಾಡಿದಳು. ಟೀಚರ್ ನಗುತ್ತಲೇ ಮಾತಾಡಿದರು.

"ಅವ್ರಪ್ಪ ಬಂದಿದ್ರಲ್ಲಾ ಮೇಡಂ. ಹಂಗೆಲ್ಲಾ ಕಳ್ಸಲ್ಲ ಅಂದ್ವಿ. ನೀವು ಮಗು ಜೊತೆ ಗೇಟ್ ಹತ್ರ ತೆಗೆದಿದ್ದ ಫೋಟೊ ತೋರ್ಸಿ, ನೀವೇ ಕಳ್ಸಿದ್ದು ಅಂದ್ರು. ಕರ್ಕೊಂಡೋಗಿ ಒಂದು ಗಂಟೆ ಆಯ್ತು."

ಅರುಣಾ ಫೋನಿಟ್ಟು, ಮಗುವನ್ನು ಅವನು ಕರೆದುಕೊಂಡು ಹೋದನೆಂದು ವಾಣಿಶ್ರೀಗೆ ಹೇಳಿದಳು.

"ಪೊಲೀಸ್‌ಗೆ ಹೇಳಣ ನಡಿ. ಮೊದ್ಲು ಈ ಅಕೌಂಟ್ ಕಿತ್ತಾಕ್ತೀನಿ" ಎಂದು ವಾಣಿಶ್ರೀ ಮೌಸಿನ ಮೇಲೆ ಕೈಯಿಟ್ಟಳು.

ಅಷ್ಟರಲ್ಲಿ ಪರದೆಯ ಮೇಲ್ತುದಿಗೆ ಅವನ ಫೋನಿನಿಂದ ಹೊಸ ಫೋಟೊ ಒಂದು ಬಂತು. ಕಾರಿನ ಮುಂದಿನ ಸೀಟಿನಲ್ಲಿ ಮಗಳು, ಕೈಯಲ್ಲಿ ಐಸ್‌ಕ್ರೀಮು. ಕಿಟಕಿಯಾಚೆ ಯಾವುದೋ ಟೋಲ್ ಗೇಟು. ಅದು ಗುಬ್ಬಿಯ ದಾರಿಯಲ್ಲ.

ಅರುಣಾ ವಾಣಿಶ್ರೀಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬ್ಯಾಡ, ಮುಟ್ಬೇಡ ಕಣೇ. ಹಂಗೇ ಇರ್ಲಿ. ಇನ್ಮೇಲೆ ನನ್ ಮಗು ನಂಗೆ ಕಾಣೋದು ಇಲ್ಲೊಂದೇ ಕಡೆ."